ಕುಕಿ ಪುಸ್ತಕವನ್ನು ಮಡಿಕೇರಿಯ ಅಡುಗೆಮನೆಯಲ್ಲಿಟ್ಟು ನೋಡಿದಾಗ

ಅಡುಗೆ ಪುಸ್ತಕವನ್ನು ಸೋಫಾದಲ್ಲಿ ಕೂತು ತಿರುವಿ ಹಾಕಿ ಚೆನ್ನಾಗಿದೆ ಅನ್ನುವುದು ಸುಲಭ. ಅದರ ನಿಜವಾದ ಪರೀಕ್ಷೆ ಅಡುಗೆಮನೆಯ ಕಟ್ಟೆಯ ಮೇಲೆ. ಎರಡೂ ಕೈಗೆ ಬೆಣ್ಣೆ, ಹಿಟ್ಟು ಮೆತ್ತಿಕೊಂಡಿರುತ್ತದೆ, ಓವನ್ ಆಗಲೇ ಬಿಸಿಯಾಗಿರುತ್ತದೆ, "ಮುಂದೇನು?" ಎಂದು ಕಣ್ಣು ಪುಟದ ಕಡೆ ಹೊರಳುತ್ತದೆ. ಆ ಕ್ಷಣಕ್ಕೆ ಪುಟ ಉತ್ತರ ಕೊಟ್ಟರೆ ಅದು ಉಪಯೋಗದ ಪುಸ್ತಕ. ಕೊಡದೇ ಹೋದರೆ ಎಷ್ಟು ಚೆಂದದ ಚಿತ್ರಗಳಿದ್ದರೂ ಅದರ ಜಾಗ ಷೋಕೇಸಿನಲ್ಲಿ.

ನಾನು ಹೀಗೆ ಕಟ್ಟೆಯ ಮೇಲಿಟ್ಟು ನೋಡಿದ್ದು ಅಮೆರಿಕದಲ್ಲಿ ಅಚ್ಚಾದ, ಬರೀ ಕುಕಿಗಳದ್ದೇ ಆದ ಒಂದು ದಪ್ಪ ಪುಸ್ತಕ. ಅಕ್ಕನ ಮಗಳು ರಜೆಗೆ ಬಂದಾಗ ತಂದುಕೊಟ್ಟದ್ದು. ಪುಸ್ತಕದ ಹೆಸರು ಬರೆಯುವುದಿಲ್ಲ. ಇಲ್ಲಿ ಹೇಳುವ ಗುಣವೂ ದೋಷವೂ ಆ ಜಾತಿಯ ಬಹುಪಾಲು ಪುಸ್ತಕಗಳಿಗೆ ಸಲ್ಲುತ್ತವೆ. ಒಂದು ಮಳೆಗಾಲ, ಅದರ ಹಿಂದೆಯೇ ಬಂದ ಕಾಫಿ ಕೊಯ್ಲಿನ ತಿಂಗಳುಗಳು, ಇಷ್ಟರುದ್ದಕ್ಕೂ ಅದು ನಮ್ಮ ಮಿಕ್ಸಿಯ ಪಕ್ಕದಲ್ಲೇ ಇತ್ತು. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಒಳಗಿರುವ ವಿದ್ಯೆ ಗಟ್ಟಿಯಾದದ್ದು, ಆದರೆ ವಿನ್ಯಾಸ ಅದಕ್ಕೆ ಅನ್ಯಾಯ ಮಾಡಿದೆ. ಕೈ ಹಿಡಿದು ನಡೆಸುವ ಮಾತುಗಳೆಲ್ಲ ಅತಿ ಸಣ್ಣ ಅಕ್ಷರದಲ್ಲಿ, ಪುಟದ ಮೂಲೆಯಲ್ಲೋ ಕೊನೆಯ ಹಾಳೆಗಳಲ್ಲೋ ಸೇರಿಕೊಂಡಿವೆ. ದೊಡ್ಡ ಜಾಗವೆಲ್ಲ ಫೋಟೋಗಳ ಪಾಲು.

ಮೊದಲು ಕೈಗೆ ಸಿಗುವ ಸಂಗತಿಗಳು. ಹೊಲಿಗೆ ಹಾಕಿದ ಬೈಂಡಿಂಗ್, ಹಾಗಾಗಿ ನಡುವಿನ ಪುಟಗಳು ತೆರೆದಿಟ್ಟರೆ ತೆರೆದೇ ಇರುತ್ತವೆ. ಆದರೆ ಮೂಲಪಾಠಗಳಿರುವ ಮೊದಲ ಪುಟಗಳು ತಾವಾಗಿಯೇ ಮುಚ್ಚಿಕೊಳ್ಳುತ್ತವೆ, ಲಟ್ಟಣಿಗೆ ಅಡ್ಡ ಇಡಲೇಬೇಕು. ಕಾಗದ ಹೊಳಪಿನದು. ಬೆಣ್ಣೆಯ ಹನಿ ಬಿದ್ದರೆ ಒರೆಸಿಬಿಡಬಹುದು ಎನ್ನುವುದು ಅದರ ಒಳ್ಳೆಯ ಗುಣ. ಕೊಡಗಿನ ಜುಲೈ ತಿಂಗಳಲ್ಲಿ ಅದೇ ಹೊಳಪು ತಿರುಗಿಬೀಳುತ್ತದೆ. ಕಾಗದದ ಮೇಲಿನ ಲೇಪ ಗಾಳಿಯ ತೇವ ಕುಡಿದು ಪುಟಕ್ಕೆ ಪುಟ ಅಂಟಿಕೊಳ್ಳುತ್ತದೆ, ಬಲವಂತವಾಗಿ ಬಿಡಿಸಿದರೆ ಚಿತ್ರದ ಬಣ್ಣವೇ ಕಿತ್ತು ಬರುತ್ತದೆ. ಬಟ್ಟೆ ಸುತ್ತಿದ ಬೆನ್ನಿಗೆ ಬೂಷ್ಟು ಹಿಡಿಯಿತು. ಸೋಮವಾರಪೇಟೆಯಲ್ಲಿರುವ ನನ್ನ ಅತ್ತಿಗೆ ಮನೆಯಲ್ಲೇ ಕುಕಿ, ಕೇಕ್ ಮಾಡಿ ಹೋಂಸ್ಟೇಗಳಿಗೆ ಕೊಡುತ್ತಾರೆ. ಅವರು ಪುಸ್ತಕವನ್ನು ಅಡುಗೆಮನೆಗೆ ತರುವುದೇ ಇಲ್ಲ. ಬೇಕಾದ ಪುಟಗಳ ಜೆರಾಕ್ಸ್ ಮಾಡಿಸಿ, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಕಪಾಟಿನ ಬಾಗಿಲಿಗೆ ಅಂಟಿಸಿದ್ದಾರೆ. ನಾನೀಗ ಅದನ್ನೇ ಮಾಡುತ್ತೇನೆ.

ಅಕ್ಷರಗಳ ಬಗ್ಗೆ ನನ್ನ ದೂರು ಇನ್ನೂ ದೊಡ್ಡದು. ಸಾಮಾನುಗಳ ಪಟ್ಟಿ ತೆಳುವಾದ ಬೂದು ಬಣ್ಣದ ಅಕ್ಷರದಲ್ಲಿದೆ. ಮಳೆಗಾಲದಲ್ಲಿ ಮಧ್ಯಾಹ್ನ ಮೂರಕ್ಕೇ ಲೈಟು ಹಾಕಬೇಕಾದ ಊರಿನಲ್ಲಿ, ಅದೂ ಕರೆಂಟು ಹೋದಾಗ, ಆ ಬೂದು ಅಕ್ಷರ ಕಾಣುವುದೇ ಇಲ್ಲ. ಕಾಲು, ಮುಕ್ಕಾಲು ಚಮಚದ ಭಿನ್ನರಾಶಿಗಳಂತೂ ಸಾಸಿವೆ ಕಾಳಿನಷ್ಟು. ಅಡುಗೆ ಸೋಡಾ ಕಾಲು ಚಮಚದ ಬದಲು ಮುಕ್ಕಾಲು ಬಿದ್ದರೆ ಮೂರು ಪಟ್ಟಾಯಿತು. ಕುಕಿ ಬೇಗ ಕಪ್ಪಾಗುತ್ತದೆ, ಸೋಪಿನ ರುಚಿ ಬರುತ್ತದೆ, ಒಂದು ತಟ್ಟೆ ಪೂರ್ತಿ ದಂಡ. ಇಷ್ಟು ಮುಖ್ಯವಾದ ಅಂಕಿಯನ್ನು ದಪ್ಪಗೆ, ಕಪ್ಪಗೆ ಅಚ್ಚು ಹಾಕಲು ಏನು ಅಡ್ಡಿ? ಉಷ್ಣಾಂಶದ ಕಥೆಯೂ ಹೀಗೇ. ಓವನ್ ಎಷ್ಟು ಡಿಗ್ರಿ ಎನ್ನುವುದು ಮೊದಲ ಹಂತದ ವಾಕ್ಯದ ನಡುವೆ ಒಮ್ಮೆ ಬರುತ್ತದೆ. ತಟ್ಟೆಯನ್ನು ಓವನಿಗೆ ಇಡುವ ಹಂತ ಪುಟದ ಆಚೆ ಮಗ್ಗುಲಿನಲ್ಲಿದೆ. ಹಿಟ್ಟಿನ ಕೈಯಲ್ಲಿ ಹಿಂದಕ್ಕೂ ಮುಂದಕ್ಕೂ ಪುಟ ತಿರುವಬೇಕು.

ಇದೇ ಅಮೆರಿಕದ ಒಂದು ಹಳೆಯ ಉದಾಹರಣೆ ಇದಕ್ಕೆ ಸರಿಯಾದ ಉತ್ತರ. ಚಾಕೊಲೇಟ್ ಚಿಪ್ ಕುಕಿಯನ್ನು 1930ರ ದಶಕದಲ್ಲಿ ಹುಟ್ಟುಹಾಕಿದವರು ರೂತ್ ವೇಕ್‌ಫೀಲ್ಡ್. ಮ್ಯಾಸಚೂಸೆಟ್ಸ್‌ನ ವಿಟ್ಮನ್ ಎಂಬ ಊರಿನಲ್ಲಿ ಟೋಲ್ ಹೌಸ್ ಇನ್ ನಡೆಸುತ್ತಿದ್ದ ಹೆಂಗಸು. ಅವರ ಆ ವಿಧಾನ ಮನೆಮನೆಗೆ ತಲುಪಲು ದೊಡ್ಡ ಕಾರಣ ನೆಸ್ಲೆ ಕಂಪನಿ ಅದನ್ನು ತನ್ನ ಚಾಕೊಲೇಟಿನ ಹೊದಿಕೆಯ ಮೇಲೆಯೇ ಅಚ್ಚು ಹಾಕಿದ್ದು. ಅಂಗೈಯಗಲದ ಜಾಗದಲ್ಲಿ ಸಾಮಾನು, ಅಳತೆ, ಶಾಖ, ಹೊತ್ತು ಎಲ್ಲ ಒಂದೇ ನೋಟಕ್ಕೆ ಸಿಗುತ್ತಿದ್ದವು. ಚಾಕೊಲೇಟ್ ಒಡೆಯಲು ಕೈಹಾಕಿದವರ ಕಣ್ಣೆದುರಿಗೇ ವಿಧಾನ. ಅಷ್ಟಗಲದ ಹೊದಿಕೆಯಲ್ಲಿ ಆದ ಕೆಲಸ ಇಷ್ಟು ದೊಡ್ಡ ಪುಸ್ತಕದ ಪುಟದಲ್ಲಿ ಆಗಿಲ್ಲ ಎಂದರೆ ಬೇಸರವಾಗುತ್ತದೆ.

ಅಳತೆಗಳಿಗೆ ಬರೋಣ. ಪುಸ್ತಕ ಕಪ್ ಲೆಕ್ಕದಲ್ಲಿ ಮಾತಾಡುತ್ತದೆ, ಗ್ರಾಂ ಲೆಕ್ಕವನ್ನು ಆವರಣದೊಳಗೆ ಕೊಡುತ್ತದೆ. ಆ ಗ್ರಾಂ ಇರುವುದರಿಂದಲೇ ಪುಸ್ತಕ ಉಳಿದುಕೊಂಡಿತು. ಮೈದಾವನ್ನು ಸಡಿಲವಾಗಿ ತುಂಬಿದರೆ ಒಂದು ಕಪ್‌ಗೆ 120 ಗ್ರಾಂ, ಡಬ್ಬಕ್ಕೇ ಕಪ್ ಮುಳುಗಿಸಿ ಒತ್ತಿ ತೆಗೆದರೆ 150 ಗ್ರಾಂವರೆಗೂ ಹೋಗುತ್ತದೆ. ಎರಡು ಕಪ್ ಹಾಕುವ ಕಡೆ 60 ಗ್ರಾಂ ವ್ಯತ್ಯಾಸ ಬಂದರೆ ಒಂದು ಕುಕಿ ದೋಸೆಯಂತೆ ಹರಡುತ್ತದೆ, ಇನ್ನೊಂದು ಉಂಡೆ ಇಟ್ಟ ಹಾಗೆಯೇ ಬೇಯುತ್ತದೆ. ಬೆಣ್ಣೆಗೆ ಅವರದು "ಸ್ಟಿಕ್" ಲೆಕ್ಕ, ಒಂದು ಸ್ಟಿಕ್ ಅಂದರೆ 113 ಗ್ರಾಂ. ನಮಗೆ ಸಿಗುವುದು 100 ಗ್ರಾಂನ, 500 ಗ್ರಾಂನ ಪ್ಯಾಕು. ಹೆಚ್ಚಿನ ಪಾಠಗಳು ಎರಡು ಸ್ಟಿಕ್‌ನಿಂದ ಶುರುವಾಗಿ ಮೂರು ಡಜನ್ ಕುಕಿ ಕೊಡುತ್ತವೆ. ನಮ್ಮ ಓಟಿಜಿಯ, ಅಂದರೆ ಕಟ್ಟೆಯ ಮೇಲಿಡುವ ಚಿಕ್ಕ ಕರೆಂಟ್ ಓವನಿನ, ಪುಟ್ಟ ತಟ್ಟೆಯಲ್ಲಿ ಒಂದು ಸಲಕ್ಕೆ ಎಂಟೊಂಬತ್ತಕ್ಕಿಂತ ಹೆಚ್ಚು ಹಿಡಿಸುವುದಿಲ್ಲ. ಅಷ್ಟು ಸಲ ಬೇಯಿಸುತ್ತ ಕೂರುವಾಗ ಎಲ್ಲೋ ಒಂದು ಕಡೆ ಸಿಲ್ವರ್ ಓಕ್ ಮರ ಕರೆಂಟಿನ ತಂತಿಯ ಮೇಲೆ ಬಿದ್ದಿರುತ್ತದೆ. ಕಾದ ಓವನ್ ಆರಿತು, ಉಳಿದ ಹಿಟ್ಟು ಅಲ್ಲೇ. ಹಾಗಾಗಿ ನಾನು ಪ್ರತಿಯೊಂದನ್ನೂ 100 ಗ್ರಾಂ ಬೆಣ್ಣೆಗೆ ಇಳಿಸಿ ಬರೆದುಕೊಳ್ಳುತ್ತೇನೆ. ಗ್ರಾಂ ಇದ್ದರೆ ಇದು ಕ್ಯಾಲ್ಕುಲೇಟರಿನ ಕೆಲಸ, ಕಪ್ ಮಾತ್ರ ಇದ್ದರೆ ತಲೆನೋವು. ಮೊಟ್ಟೆಗೂ ಅಷ್ಟೇ. ಅವರ "ಲಾರ್ಜ್" ಮೊಟ್ಟೆ ಚಿಪ್ಪು ಬಿಟ್ಟು ಸುಮಾರು 50 ಗ್ರಾಂ. ನಾಟಿ ಕೋಳಿಯ ಮೊಟ್ಟೆ ಅದಕ್ಕಿಂತ ಚಿಕ್ಕದು, ಒಡೆದು ತೂಗಿಯೇ ಹಾಕಬೇಕು.

ಅಧ್ಯಾಯಗಳ ವಿಂಗಡಣೆ ನನಗೆ ಮೆಚ್ಚುಗೆಯಾಯಿತು. ಹಳೆಯ ಕ್ರಮದಲ್ಲಿ ಮಾಡುವ ರೀತಿಯ ಮೇಲೆ ಭಾಗ ಮಾಡುತ್ತಾರೆ: ಚಮಚದಲ್ಲಿ ಹಾಕುವುದು, ಲಟ್ಟಿಸಿ ಕತ್ತರಿಸುವುದು, ಉರುಳೆ ಮಾಡಿ ಬಿಲ್ಲೆ ಕೊಯ್ಯುವುದು. ಇಲ್ಲಿ ತಿನ್ನುವಾಗ ಹೇಗಿರುತ್ತದೆ ಎನ್ನುವುದರ ಮೇಲೆ ಭಾಗ ಮಾಡಿದ್ದಾರೆ: ಗರಿಗರಿ, ಮೆತ್ತಗೆ ಅಗಿಯುವಂಥದ್ದು, ಬಾಯಲ್ಲಿ ಪುಡಿಯಾಗುವಂಥದ್ದು. ಕೊಡಗಿಗೆ ಇದು ಬಹಳ ಹೊಂದುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗರಿಗರಿ ಅಧ್ಯಾಯವನ್ನು ನಾನು ತೆರೆಯುವುದಿಲ್ಲ. "ಡಬ್ಬದಲ್ಲಿ ಒಂದು ವಾರ ಇರುತ್ತದೆ" ಎಂದು ಪುಸ್ತಕ ಹೇಳಿದರೂ ಇಲ್ಲಿ ಮರುದಿನಕ್ಕೇ ಮೆತ್ತಗಾಗುತ್ತದೆ. 150 ಡಿಗ್ರಿಯಲ್ಲಿ ಐದಾರು ನಿಮಿಷ ಮತ್ತೆ ಬಿಸಿ ಮಾಡಿ ಆರಲು ಬಿಟ್ಟರೆ ಗರಿ ಹಿಂದಿರುಗುವುದು ನಿಜ. ಆದರೂ ಮಳೆಗಾಲದಲ್ಲಿ ಮೊದಲೇ ಮೆತ್ತಗಿರುವ ಬಗೆಯನ್ನು ಮಾಡುವುದೇ ಜಾಣತನ. ನಮ್ಮ ಸುಗ್ಗಿಹಬ್ಬ ಪುತ್ತರಿ ಕಳೆದು ಒಣ ಚಳಿ ಶುರುವಾದ ಮೇಲೆ ಗರಿಗರಿಯದಕ್ಕೆ ಕಾಲ.

ಇನ್ನು ಈ ಪುಸ್ತಕದ ಪ್ರಾಣ ಎಲ್ಲಿದೆ ಎನ್ನುವುದನ್ನು ಹೇಳಬೇಕು. ಮೊದಲ ಅಧ್ಯಾಯದಲ್ಲಿ ಒಂದು ಪುಟ ಇದೆ. ಒಂದೇ ಹಿಟ್ಟಿನಿಂದ ಮಾಡಿದ ಕುಕಿಗಳ ಸಾಲು. ಕರಗಿಸಿದ ಬೆಣ್ಣೆ ಹಾಕಿದ್ದು, ಮೆದು ಬೆಣ್ಣೆ ಹಾಕಿದ್ದು, ಹಿಟ್ಟನ್ನು ಫ್ರಿಜ್ಜಿನಲ್ಲಿಟ್ಟು ತಣ್ಣಗೆ ಮಾಡಿ ಬೇಯಿಸಿದ್ದು, ಬರೀ ಬಿಳಿ ಸಕ್ಕರೆಯದು, ಬರೀ ಕಂದು ಸಕ್ಕರೆಯದು. ಪ್ರತಿಯೊಂದರ ಕೆಳಗೆ ಕಾರಣ ಒಂದೆರಡು ಸಾಲಿನಲ್ಲಿ. ಬೆಣ್ಣೆ ಕರಗುವುದು 32ರಿಂದ 35 ಡಿಗ್ರಿಯ ಆಸುಪಾಸಿನಲ್ಲಿ. ತಣ್ಣನೆಯ ಹಿಟ್ಟಾದರೆ ಬೆಣ್ಣೆ ಕರಗಿ ಹರಿಯುವುದಕ್ಕೆ ಹೊತ್ತು ಹಿಡಿಯುತ್ತದೆ, ಅಷ್ಟರಲ್ಲಿ ಅಂಚು ಗಟ್ಟಿಯಾಗಿ ಕುಕಿ ದಪ್ಪಗೆ ನಿಲ್ಲುತ್ತದೆ. ಕಂದು ಸಕ್ಕರೆಯಲ್ಲಿ ಕಾಕಂಬಿ (ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕ) ಇರುವುದರಿಂದ ಅದು ತೇವ ಹಿಡಿದಿಟ್ಟು ಕುಕಿಯನ್ನು ಮೆತ್ತಗಿಡುತ್ತದೆ, ಅದರ ಸಣ್ಣ ಹುಳಿ ಸೋಡಾವನ್ನು ಎಬ್ಬಿಸುತ್ತದೆ.

ಈ ಒಂದು ಪುಟ ನನಗೆ ಉಳಿದ ಪುಸ್ತಕವನ್ನೆಲ್ಲ ಕೊಡಗಿಗೆ ತಂದುಕೊಟ್ಟಿತು. ಕಂದು ಸಕ್ಕರೆ ಇಲ್ಲಿ ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ, ಸಿಕ್ಕರೂ ದುಬಾರಿ. ಕಾಕಂಬಿ ಮಾಡುವ ಕೆಲಸ ಇಂಥದ್ದು ಎಂದು ತಿಳಿದ ಮೇಲೆ ಸಾಗರ, ಸಿರಸಿ ಕಡೆಯ ಜೋನಿ ಬೆಲ್ಲ, ಅಂದರೆ ಗಟ್ಟಿಯಾಗದ ನೀರು ಬೆಲ್ಲ, ನೆನಪಾಯಿತು. ಬಿಳಿ ಸಕ್ಕರೆಗೆ ಒಂದು ಚಮಚ ಜೋನಿ ಬೆಲ್ಲ ಹಾಕಿ ಬೆರಳಿನಿಂದ ಉಜ್ಜಿದರೆ ಒದ್ದೆ ಮರಳಿನ ಹಾಗೆ ಆಗುತ್ತದೆ, ಅದೇ ನಮ್ಮ ಕಂದು ಸಕ್ಕರೆ. ಸಕ್ಕರೆಯನ್ನು ಪೂರ್ತಿ ಬಿಟ್ಟು ಬೆಲ್ಲದ ಪುಡಿಯನ್ನೇ ಹಾಕುವುದು ಬೇರೆ ಮಾತು. ಬೆಲ್ಲ ಬೇಗ ಬಣ್ಣ ತಿರುಗುತ್ತದೆ, ತಳ ಹಿಡಿಯುತ್ತದೆ, ಶಾಖ ಹತ್ತು ಡಿಗ್ರಿ ಇಳಿಸಬೇಕು. ಇದನ್ನು ಪುಸ್ತಕ ಹೇಳಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಕಾರಣ ಕೊಟ್ಟಿದೆ, ಮುಂದಿನದು ನಮ್ಮ ಕೆಲಸ.

ನಮ್ಮ ನೆರೆಯಲ್ಲೇ ಇದಕ್ಕೊಂದು ಹಿರಿಯ ಸಾಕ್ಷಿ ಇದೆ. ವಿರಾಜಪೇಟೆಯಿಂದ ಮಾಕುಟ್ಟ ಘಾಟಿ ಇಳಿದು ಹೋದರೆ ಸಿಗುವ ತಲಶ್ಶೇರಿಯಲ್ಲಿ ಮಾಂಬಳ್ಳಿ ಬಾಪು ಎಂಬವರ ಬಿಸ್ಕತ್ತು ಕಾರ್ಖಾನೆ ಇತ್ತು. 1883ರಲ್ಲಿ ಮರ್ಡಾಕ್ ಬ್ರೌನ್ ಎಂಬ ತೋಟದ ಸಾಹೇಬ ಇಂಗ್ಲೆಂಡಿನಿಂದ ತಂದ ಕ್ರಿಸ್‌ಮಸ್ ಕೇಕೊಂದನ್ನು ಅವರ ಕೈಗಿಟ್ಟು, ಇಂಥದ್ದೇ ಮಾಡಿಕೊಡಿ ಎಂದನಂತೆ. ಬಾಪು ಅದರ ರುಚಿ ನೋಡಿ, ಸಾಹೇಬ ಹೇಳಿದ ಬ್ರಾಂಡಿಯ ಬದಲು ಊರಿನಲ್ಲೇ ಇಳಿಸಿದ ಮದ್ಯ ಬಳಸಿ ಕೇಕ್ ಮಾಡಿದರು ಎಂದು ಆ ಕಡೆಯವರು ಇವತ್ತಿಗೂ ಹೆಮ್ಮೆಯಿಂದ ಹೇಳುತ್ತಾರೆ. ಯಾವ ಸಾಮಾನು ಯಾವ ಕೆಲಸಕ್ಕೆ ಎನ್ನುವ ತಿಳಿವಳಿಕೆ ಇಲ್ಲದಿದ್ದರೆ ಅಂಥ ಬದಲಾವಣೆಗೆ ಧೈರ್ಯ ಬರುವುದಿಲ್ಲ.

ಹಾಗಿದ್ದೂ ಆ ಅಮೂಲ್ಯ ಪುಟಕ್ಕೆ ಪುಸ್ತಕ ಕೊಟ್ಟಿರುವುದು ಒಂದೇ ಮಗ್ಗುಲು, ಬೆರಳುಗುರಿನಷ್ಟು ಚಿತ್ರಗಳು. ಅದರ ಎದುರು ಪುಟದಲ್ಲಿ ಹಾಲಿನ ಲೋಟದ ಪಕ್ಕ ಪೇರಿಸಿಟ್ಟ ಕುಕಿಗಳ ಪುಟದಗಲದ ಫೋಟೋ. ಪುಸ್ತಕದುದ್ದಕ್ಕೂ ಹೀಗೆಯೇ. ಬೆಂದು, ಆರಿ, ಅಲಂಕಾರಗೊಂಡ ಕುಕಿ ಎಲ್ಲ ಕಡೆ ಇದೆ. ಕಲಸಿದ ಹಿಟ್ಟು ಹೇಗಿರಬೇಕು, ಓವನ್‌ನಿಂದ ತೆಗೆಯುವ ಹೊತ್ತಿಗೆ ಹೇಗೆ ಕಾಣಬೇಕು ಎನ್ನುವ ಚಿತ್ರ ಬಹುತೇಕ ಇಲ್ಲ. ಹೊಸಬರು ಎಡವುವುದು ಅಲ್ಲೇ. "12 ನಿಮಿಷ" ಎನ್ನುವ ಮಾತು ಅವರ ದೊಡ್ಡ ಓವನಿನದು. ಓಟಿಜಿಯಲ್ಲಿ ಕಾಯುವ ಸರಳು ತಟ್ಟೆಗೆ ಬಹಳ ಹತ್ತಿರ, ಡಯಲ್ ತೋರಿಸುವ ಡಿಗ್ರಿಗೂ ಒಳಗಿನ ಶಾಖಕ್ಕೂ ಹೊಂದಾಣಿಕೆ ಕಡಿಮೆ. ಇಲ್ಲಿ ಬೇಕಾದದ್ದು ಗುರುತು. ಅಂಚು ಕಂದಿರಬೇಕು, ನಡು ಇನ್ನೂ ಹಸಿಯಂತೆ ಕಾಣಬೇಕು, ಆಗಲೇ ಹೊರಗೆ ತೆಗೆಯಬೇಕು, ಉಳಿದದ್ದು ತಟ್ಟೆಯ ಬಿಸಿಗೇ ಬೇಯುತ್ತದೆ. ನಮ್ಮ ಅಮ್ಮಂದಿರು ಪಾಕ ಹೇಳಿಕೊಟ್ಟದ್ದು ಹೀಗೇ ತಾನೆ? ಒಂದೆಳೆ ಬರಬೇಕು, ತಳ ಬಿಡಬೇಕು ಅಂದರು, ಗಡಿಯಾರ ನೋಡು ಅನ್ನಲಿಲ್ಲ. ಪುಸ್ತಕದಲ್ಲೂ ಗುರುತುಗಳಿವೆ, ನಿಮಿಷದ ಅಂಕಿಯ ಹಿಂದೆ ಅರ್ಧ ವಾಕ್ಯವಾಗಿ.

"ಕೋಣೆಯ ಉಷ್ಣಾಂಶದ ಬೆಣ್ಣೆ" ಎನ್ನುವ ಮಾತನ್ನೇ ನೋಡಿ. ಯಾರ ಕೋಣೆ? ಸಕ್ಕರೆಯೊಂದಿಗೆ ನೊರೆಯಾಗಿ ಕಡೆಯಲು ಬೆಣ್ಣೆ 18ರಿಂದ 20 ಡಿಗ್ರಿಯಲ್ಲಿದ್ದರೆ ಸರಿ. ಮಂಗಳೂರಿನ ಅಡುಗೆಮನೆಯಲ್ಲಿ ಹೊರಗಿಟ್ಟ ಬೆಣ್ಣೆ ಕರಗುವ ಅಂಚಿಗೆ ಬಂದಿರುತ್ತದೆ. ಮಡಿಕೇರಿಯ ಡಿಸೆಂಬರಿನಲ್ಲಿ ಬೆಳಿಗ್ಗೆ ತೆಗೆದಿಟ್ಟದ್ದು ಮಧ್ಯಾಹ್ನಕ್ಕೂ ಕಲ್ಲು. ಬೆರಳೊತ್ತಿದರೆ ಗುಳಿ ಬೀಳಬೇಕು, ಬೆರಳು ಒಳಗೆ ಜಾರಬಾರದು ಎಂದಿದ್ದರೆ ಎರಡೂ ಊರಿಗೆ ಸಾಕಾಗುತ್ತಿತ್ತು.

ನನಗೆ ಅತಿ ಹೆಚ್ಚು ಉಪಯೋಗವಾದ ಪೆಟ್ಟಿಗೆ ಬರಹ ಸಿಕ್ಕಿದ್ದು ಕೊನೆಯಲ್ಲಿ, ಪದಸೂಚಿಗೆ ಎರಡು ಪುಟ ಮುಂಚೆ. 3,000 ಅಡಿಗಿಂತ ಎತ್ತರದ ಊರಿನವರು ಏನು ಬದಲಿಸಬೇಕು ಎಂದು ಅಲ್ಲಿದೆ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ, ಅಂದರೆ 3,700 ಅಡಿ ದಾಟಿದೆ. ಇಲ್ಲಿ ನೀರು ಕುದಿಯುವುದು 96 ಡಿಗ್ರಿಯ ಹತ್ತಿರ. ಗಾಳಿಯ ಒತ್ತಡ ಕಡಿಮೆ ಇರುವುದರಿಂದ ಸೋಡಾದ ಗಾಳಿ ಹೆಚ್ಚು ಹಿಗ್ಗುತ್ತದೆ, ನೀರು ಬೇಗ ಆರುತ್ತದೆ, ಸಕ್ಕರೆ ಸಾಂದ್ರವಾಗುತ್ತದೆ, ಕುಕಿ ಗಟ್ಟಿಯಾಗುವ ಮೊದಲೇ ಹರಡಿಕೊಳ್ಳುತ್ತದೆ. ಸೋಡಾ, ಸಕ್ಕರೆ ಚೂರು ಕಡಿಮೆ ಮಾಡಿ, ಮೈದಾ ಒಂದು ಚಮಚ ಹೆಚ್ಚು ಹಾಕಿ, ಶಾಖವನ್ನು ಹತ್ತು ಡಿಗ್ರಿಯಷ್ಟು ಏರಿಸಿ ಎನ್ನುವುದು ಅದರ ಸಾರ. ಕುಕಿಗೆ ಕೇಕಿನಷ್ಟು ವ್ಯತ್ಯಾಸ ಆಗುವುದಿಲ್ಲ, ಆದರೂ ಆ ಒಂದು ಚಮಚ ಮೈದಾ ನನ್ನ ತಟ್ಟೆಯಲ್ಲಿ ಕಣ್ಣಿಗೆ ಕಾಣುವ ಬದಲಾವಣೆ ತಂದಿತು. ಮೂವತ್ತು ಕಿಲೋಮೀಟರ್ ಆಚೆಯ ಕುಶಾಲನಗರ ಆ 3,000 ಅಡಿಯ ಗೆರೆಯ ಕೆಳಗಿದೆ. ಒಂದೇ ಜಿಲ್ಲೆ, ಒಂದೇ ಪುಸ್ತಕ, ಅಳತೆ ಮಾತ್ರ ಬೇರೆ. ಊಟಿ, ಚಿಕ್ಕಮಗಳೂರು, ಮಡಿಕೇರಿಯಂಥ ಊರಿನ ಓದುಗರಿಗೆ ಈ ಮಾತು ಮೊದಲ ಪುಟದಲ್ಲೇ ಸಿಗಬೇಕಿತ್ತು.

ಕಾಫಿಯ ವಿಷಯದಲ್ಲಿ ಪುಸ್ತಕ ಕೈಕೊಡುತ್ತದೆ. ಅವರ ಕಾಫಿ ಕುಕಿಗಳಿಗೆಲ್ಲ ನೀರಿನಲ್ಲಿ ಕರಗುವ ಇನ್‌ಸ್ಟಂಟ್ ಪುಡಿ. ಕಾಫಿ ತೋಟದ ನಡುವೆ ಕೂತು ಶೀಷೆಯ ಪುಡಿ ಹಾಕಲು ಮನಸ್ಸು ಒಪ್ಪುವುದಿಲ್ಲ. ನಮ್ಮ ಫಿಲ್ಟರ್ ಪುಡಿ ಹಾಗೆಯೇ ಹಾಕಿದರೆ ಕರಗದೆ ಹಲ್ಲಿಗೆ ಮರಳಿನಂತೆ ಸಿಗುತ್ತದೆ, ಡಿಕಾಕ್ಷನ್ ಹಾಕಿದರೆ ನೀರು ಹೆಚ್ಚಾಗಿ ಹಿಟ್ಟು ಸಡಿಲವಾಗುತ್ತದೆ. ಬೆಣ್ಣೆಯ ಕೊಬ್ಬು ಪರಿಮಳವನ್ನು ಚೆನ್ನಾಗಿ ಹೀರುತ್ತದೆ ಎಂದು ಏಲಕ್ಕಿಯ ಪುಟದಲ್ಲಿ ಇದೇ ಪುಸ್ತಕ ಹೇಳಿತ್ತು. ಅದರ ಎಳೆ ಹಿಡಿದು ನಾನು ಮಾಡುವುದು ಹೀಗೆ: 100 ಗ್ರಾಂ ಬೆಣ್ಣೆಯನ್ನು ಸಣ್ಣ ಉರಿಯಲ್ಲಿ ಕರಗಿಸಿ, ಚಿಕೋರಿ ಇಲ್ಲದ, ತರಿತರಿಯಾದ ಕಾಫಿ ಪುಡಿ ಎರಡು ಚಮಚ ಹಾಕಿ, ಒಲೆ ಆರಿಸಿ ಮುಚ್ಚಿಡಬೇಕು. ಮನೆಯೆಲ್ಲ ಹುರಿದ ಕಾಫಿಯ ಘಮ. ಕಾಲು ಗಂಟೆ ಬಿಟ್ಟು ತೆಳು ಬಟ್ಟೆಯಲ್ಲಿ ಸೋಸಿ ಹಿಂಡಿದರೆ ಕೆಂಪು ಮಿಶ್ರಿತ ಕಂದು ಬಣ್ಣದ ಬೆಣ್ಣೆ ಇಳಿಯುತ್ತದೆ. ಪುಡಿ ಒಂದಿಷ್ಟು ಬೆಣ್ಣೆ ಕುಡಿದಿರುತ್ತದೆ, ತೂಗಿ ನೋಡಿ ಕಡಿಮೆಯಾದಷ್ಟು ಸೇರಿಸಬೇಕು. ಆಮೇಲೆ ಆಗಾಗ ಕದಡುತ್ತ, ಮೊದಲಿನ ಮೆದುವಿಗೆ ಬರುವವರೆಗೆ ತಣಿಸಬೇಕು. ಕೊಡಗು ಅರೇಬಿಕಾಕ್ಕೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ, ಕುಡಿಯಲು ನನಗೂ ಅದೇ ಇಷ್ಟ. ಕುಕಿಗೆ ಮಾತ್ರ ರೋಬಸ್ಟಾ ಬೇಕು. ಸಕ್ಕರೆ, ಬೆಣ್ಣೆಯ ನಡುವೆ ಅರೇಬಿಕಾದ ನಯ ಮುಚ್ಚಿಹೋಗುತ್ತದೆ, ರೋಬಸ್ಟಾದ ಕಹಿ ಎದ್ದು ನಿಲ್ಲುತ್ತದೆ.

ಅತ್ತಿಗೆಯ ಪ್ರಶ್ನೆ ಬೇರೆಯೇ ಇತ್ತು. ಪುಸ್ತಕ ಕೈಗೆ ತೆಗೆದುಕೊಂಡವರೇ, "ಇದ್ರಲ್ಲಿ ಮೊಟ್ಟೆ ಹಾಕದ್ದು ಎಷ್ಟುಂಟು, ಮೊದ್ಲು ಅದು ನೋಡಿ ಹೇಳು," ಅಂದರು.

"ಪದಸೂಚಿಯಲ್ಲಿ ಹಾಗೆ ಕೊಟ್ಟಿಲ್ಲ ಅತ್ತಿಗೆ. ಒಂದೊಂದೇ ನೋಡ್ಬೇಕು."

"ಹಂಗಾದ್ರೆ ಪೆನ್ಸಿಲ್ ತಗೊಂಡು ಕೂತ್ಕೋ. ನನ್ಗೆ ಆರ್ಡರ್ ಕೊಡೋರಲ್ಲಿ ಅರ್ಧ ಜನ ಅದನ್ನೇ ಕೇಳೋದು."

ಕೂತು ಗುರುತು ಹಾಕಿದೆ. ಸಿಕ್ಕಿದ್ದು ಬೆರಳೆಣಿಕೆಯಷ್ಟು, ಹೆಚ್ಚಿನವು ಶಾರ್ಟ್‌ಬ್ರೆಡ್ ಜಾತಿಯವು. ಒಂದು ಪಾಲು ಸಕ್ಕರೆ, ಎರಡು ಪಾಲು ಬೆಣ್ಣೆ, ಮೂರು ಪಾಲು ಮೈದಾ. ನಮ್ಮ ನಾನ್‌ಖಟಾಯಿಯ ಹತ್ತಿರದ ನೆಂಟ. ಹಿಂದಿನ ಪದಸೂಚಿಯಲ್ಲಿ ಬಾದಾಮಿಗೆ ಜಾಗ ಇದೆ, ಸ್ಪ್ರಿಂಕಲ್ಸ್‌ಗೆ ಜಾಗ ಇದೆ, ಮೊಟ್ಟೆ ಇಲ್ಲದ್ದು ಎನ್ನುವುದಕ್ಕೆ ಒಂದು ಸಾಲೂ ಇಲ್ಲ. ಮೊಟ್ಟೆ ತಿಂದರೆ ಅಲರ್ಜಿಯಾಗುವ ಮಕ್ಕಳು ಅಮೆರಿಕದಲ್ಲೂ ಇದ್ದಾರಲ್ಲ, ಅವರ ತಾಯಂದಿರಿಗಾದರೂ ಬೇಡವೇ?

ಇಂಥ ಪುಸ್ತಕ ಕೊಳ್ಳಬಹುದೇ ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟು. ಅಂಗಡಿಯಲ್ಲಿ ಫೋಟೋ ನೋಡಬೇಡಿ. ಗ್ರಾಂ ಲೆಕ್ಕ ಇದೆಯೇ, ಬೆಣ್ಣೆ, ಸಕ್ಕರೆ, ಸೋಡಾ ಏಕೆ ಎಂದು ಹೇಳುವ ಪುಟ ಇದೆಯೇ, ನಿಮಿಷದ ಜೊತೆ ಗುರುತೂ ಇದೆಯೇ, ಇಷ್ಟು ನೋಡಿ. ಇದ್ದರೆ ಬೆಲೆ ಕೊಡಲು ಅಂಜಬೇಡಿ. ನನ್ನ ಪ್ರತಿ ಬೂಷ್ಟು ಹಿಡಿದಿದ್ದರೂ ಅದನ್ನು ಯಾರಿಗೂ ಕೊಡುವ ಮನಸ್ಸಿಲ್ಲ.

ಜೊತೆಗೆ, ಕನ್ನಡದಲ್ಲಿ ನಮ್ಮ ಓಟಿಜಿಗೆ, ನಮ್ಮ ಮಳೆಗೆ ಹೊಂದುವ ಹಾಳೆಗಳನ್ನು ನಾನೂ ಅತ್ತಿಗೆಯೂ ಬರೆದಿಡಲು ಶುರುಮಾಡಿದ್ದೇವೆ. ಹಾಳೆಯ ಒಂದೇ ಮಗ್ಗುಲು, ಕಪ್ಪು ಶಾಯಿ, ಅಂಕಿಗಳು ದಪ್ಪಗೆ. ಮೊದಲನೆಯದು ಏಲಕ್ಕಿ ಶಾರ್ಟ್‌ಬ್ರೆಡ್, ಮೇಲ್ಗಡೆಯೇ "ಮೊಟ್ಟೆ ಇಲ್ಲ" ಎಂದಿದೆ. ಬೆಣ್ಣೆ 100, ಸಕ್ಕರೆ ಪುಡಿ 50, ಮೈದಾ 150 ಗ್ರಾಂ. ಏಲಕ್ಕಿ ಆಗತಾನೆ ಕುಟ್ಟಿದ್ದು, ಹಾಗಾಗಿ ಪುಸ್ತಕ ಹೇಳಿದ್ದರ ಅರ್ಧ ಸಾಕು. 160 ಡಿಗ್ರಿ ಎನ್ನುವುದನ್ನು ಎರಡು ಕಡೆ ಬರೆದಿದ್ದೇವೆ, ಶುರುವಿನಲ್ಲಿ ಒಮ್ಮೆ, ತಟ್ಟೆ ಇಡುವ ಸಾಲಿನಲ್ಲಿ ಇನ್ನೊಮ್ಮೆ. ತೆಗೆಯುವ ಗುರುತು: ಅಂಚು ತುಸು ಕಂದಿ, ನಡು ಬಿಳಿಯಾಗಿಯೇ ಇರಬೇಕು. ಎರಡನೆಯ ಹಾಳೆ ಕಾಫಿ ಬೆಣ್ಣೆಯದು. ಅದರಲ್ಲಿ ಮೈದಾದ ಮುಂದೆ ಸದ್ಯಕ್ಕೆ ಎರಡು ಅಂಕಿಗಳಿವೆ, ಒಂದು ಮಡಿಕೇರಿಯದು, ಇನ್ನೊಂದು ಸೋಮವಾರಪೇಟೆಯದು. ಯಾವುದನ್ನು ಉಳಿಸಬೇಕೆಂದು ನಾವಿಬ್ಬರೂ ಇನ್ನೂ ಒಪ್ಪಿಲ್ಲ.